ಮೊಕಡಿ: ಕೊಳೆ ಬೇರೆ, ಮೈಲಿಗೆ ಬೇರೆ

ಇಂಗ್ಲೆಂಡಿನ ಜಿಪ್ಸಿ ಮನೆಗಳಲ್ಲಿ ‘ಮೊಕಡಿ’ ಅಂತ ಒಂದು ಮಾತಿದೆ. ಕೈ ತೊಳೆಯುವ ಬೋಗುಣಿಯೊಳಗೆ ಮಗು ಟೀ ಕಪ್ ಹಾಕಿತೋ, ಮೊಕಡಿ. ನಾಯಿ ಬಂದು ತಟ್ಟೆ ನೆಕ್ಕಿತೋ, ಮೊಕಡಿ. ಪಾತ್ರೆ ಒರೆಸುವ ಬಟ್ಟೆಯನ್ನು ಒಳಉಡುಪುಗಳ ಜೊತೆ ಒಗೆದರಂತೂ ಕೇಳುವುದೇ ಬೇಡ. ಈ ಪದಕ್ಕೆ ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ ‘ಕೊಳಕು’ ಅಂತ ಅರ್ಥ ಹೇಳಿಬಿಡುತ್ತಾರೆ. ಅದು ಸಾಲದು. ಕನ್ನಡದವರಿಗೆ ಇದನ್ನು ವಿವರಿಸುವುದು ಸುಲಭ. ನಮ್ಮಲ್ಲಿ ಎಂಜಲು, ಮುಸುರೆ, ಮೈಲಿಗೆ ಅಂತ ಮೂರು ಪದಗಳು ಮೊದಲೇ ಇವೆ.

ನಮ್ಮಜ್ಜಿಯ ಅಡುಗೆಮನೆಯಲ್ಲಿ ಅನ್ನದ ಪಾತ್ರೆ ಮುಟ್ಟಿದ ಕೈಯಲ್ಲಿ ಮಜ್ಜಿಗೆ ಪಾತ್ರೆ ಮುಟ್ಟುವಂತಿರಲಿಲ್ಲ. ‘ಮುಸುರೆ ಕೈ ತೊಳ್ಕೋ’ ಅನ್ನುತ್ತಿದ್ದರು. ಅನ್ನ ಕೊಳಕು ಅಂತ ಅವರು ಯಾವತ್ತೂ ಅಂದುಕೊಂಡಿರಲಿಲ್ಲ. ಕಣ್ಣಿಗೆ ಒಂದು ಕಲೆಯೂ ಕಾಣದಿದ್ದರೂ ಒಂದು ಗೆರೆ ದಾಟಿದ ಹಾಗೆ ಅವರಿಗೆ ಅನ್ನಿಸುತ್ತಿತ್ತು. ಮೊಕಡಿ ಅನ್ನುವುದೂ ಇಂಥದೇ ಗೆರೆ. ಅದಕ್ಕೇ ಈ ಜಿಪ್ಸಿಗಳ ಮಾತಾದ ರೋಮನಿಯಲ್ಲಿ ಎರಡು ಪದ ಬೇಕಾಗಿದೆ. ಕೆಸರು, ಧೂಳು, ಎಣ್ಣೆ ಜಿಡ್ಡು ಇದೆಲ್ಲ ‘ಚಿಕ್ಲಿ’. ಹಳೆ ಕಬ್ಬಿಣ ಎತ್ತಿ ಹಾಕಿ ಸಂಜೆ ಮನೆಗೆ ಬಂದ ಗಂಡಸಿನ ಮೈಮೇಲಿನ ಮಸಿ ಚಿಕ್ಲಿ. ತೊಳೆದರೆ ಹೋಯ್ತು, ಅದರಿಂದ ಯಾರಿಗೂ ಅವಮಾನವಿಲ್ಲ. (ಬೆಳಗಾವಿ ಕಡೆಯವರಿಗೆ ಇಲ್ಲಿ ಕೆಸರಿಗೆ ಹೇಳುವ ಮರಾಠಿಯ ‘ಚಿಖಲ್’ ನೆನಪಾಗಬಹುದು.) ಮೊಕಡಿ ಆದ ವಸ್ತು ಹಾಗಲ್ಲ. ಎಷ್ಟು ತೊಳೆದರೂ ಅದು ಮತ್ತೆ ಊಟಕ್ಕೆ ಬರುವುದಿಲ್ಲ. ಬಿಸಾಡಬೇಕು.

ಪದದ ಬೇರು ರೋಮನಿಯ ‘ಮಖ್’ ಅನ್ನುವ ಧಾತು. ಅಂದರೆ ಸವರು, ಬಳಿ, ಮೆತ್ತು. ಸಂಸ್ಕೃತದ ‘ಮ್ರಕ್ಷ್’ ಅನ್ನುವುದರಿಂದ ಬಂದದ್ದು. ಹಿಂದಿಯ ‘ಮಖ್ಖನ್’, ಅಂದರೆ ಬೆಣ್ಣೆ, ಅದೇ ಬೇರಿನದು. ಒಂದು ಕಡೆ ರೊಟ್ಟಿಗೆ ಸವರುವ ಬೆಣ್ಣೆ ಆಯ್ತು, ಇನ್ನೊಂದು ಕಡೆ ಮೈಗೆ ಮೆತ್ತಿಕೊಂಡ ಮೈಲಿಗೆ ಆಯ್ತು. ರೋಮನಿ ಜನರ ಪೂರ್ವಿಕರು ಭಾರತದಿಂದ ಹೊರಟು ಹತ್ತಿರ ಹತ್ತಿರ ಸಾವಿರ ವರ್ಷ ಕಳೆದಿದೆ. ಆದರೂ ನೀರಿಗೆ ‘ಪಾನಿ’ ಅನ್ನುತ್ತಾರೆ, ಮೂಗಿಗೆ ‘ನಾಕ್’, ನೋಡು ಅನ್ನುವುದಕ್ಕೆ ‘ದಿಕ್’. ದಾರಿಯಲ್ಲಿ ಬಂಡಿ ನಿಲ್ಲಿಸಿ ತಂಗುವ ಜಾಗ ‘ಆಚಿನ್ ತಾನ್’. ಈ ‘ತಾನ್’ ಸಂಸ್ಕೃತದ ‘ಸ್ಥಾನ’. ನಮ್ಮ ‘ತಾಣ’ ಇದೆಯಲ್ಲ, ಅದರದ್ದೇ ಬಳಗ. ಈ ಜನರ ‘ರೋಮ್’ ಅನ್ನುವ ಹೆಸರು ಕೂಡ ‘ಡೋಂಬ’ ಅನ್ನುವುದರಿಂದ ಬಂದಿದೆ ಅಂತ ಭಾಷಾ ತಜ್ಞರು ಹೇಳುತ್ತಾರೆ. ನಮ್ಮ ಡೊಂಬರಾಟದ ‘ಡೊಂಬ’ ಅದೇ ಪದ. ಹಾಗಂತ ನಮ್ಮ ಡೊಂಬರೂ ಇಂಗ್ಲೆಂಡಿನ ರೋಮನಿಗಳೂ ಒಂದೇ ಮನೆತನ ಅಂತ ಹೇಳಲು ಬರುವುದಿಲ್ಲ. ಪದದ ನಂಟು ಬೇರೆ, ರಕ್ತದ ನಂಟು ಬೇರೆ.

ಇಲ್ಲೇ ಇನ್ನೊಂದು ಗೊಂದಲ ಬಿಡಿಸಿಬಿಡೋಣ. ಬ್ರಿಟನ್ನಿನಲ್ಲಿ ‘ಟ್ರಾವೆಲರ್’, ಅಂದರೆ ಅಲೆಮಾರಿ, ಅಂತ ಕರೆಸಿಕೊಳ್ಳುವ ಎಲ್ಲರೂ ಭಾರತದಿಂದ ಹೋದವರಲ್ಲ. ಐರಿಷ್ ಟ್ರಾವೆಲರ್‌ಗಳು ಐರ್ಲೆಂಡಿನ ಮಣ್ಣಿನವರೇ. ಅವರ ಮಾತು ಶೆಲ್ಟಾ, ಅದು ರೋಮನಿ ಅಲ್ಲ. ಬದುಕಿನ ರೀತಿ, ಅದರಿಂದ ಸಿಕ್ಕ ಅವಮಾನ ಇಬ್ಬರಿಗೂ ಒಂದೇ ಥರ. ಬೋಗುಣಿಗಳನ್ನು ಬೇರೆ ಬೇರೆ ಇಡುವ ರೂಢಿ ಅವರಲ್ಲೂ ಇದೆ. ‘ಜಿಪ್ಸಿ’ ಅನ್ನುವ ಹೆಸರಂತೂ ತಪ್ಪು ತಿಳಿವಳಿಕೆಯಿಂದ ಹುಟ್ಟಿದ್ದು. ಇವರು ಈಜಿಪ್ಟಿನವರು ಅಂತ ಹಿಂದೆ ನಂಬಿದ್ದರು. ಯುರೋಪಿನ ಹಲವು ಕಡೆ ಅದು ಬೈಗುಳ. ಇಂಗ್ಲೆಂಡಿನಲ್ಲಿ ಮಾತ್ರ ಎಷ್ಟೋ ರೋಮನಿಗಳು ‘ನಾವು ಜಿಪ್ಸಿಗಳು’ ಅಂತ ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಾರೆ. ಅದಕ್ಕೇ ಇಲ್ಲಿ ನಾನೂ ಆ ಪದ ಬಳಸುತ್ತಿದ್ದೇನೆ.

ಈಗ ಬೋಗುಣಿಗಳಿಗೆ ಬರೋಣ. ಜಿಪ್ಸಿಗಳ ಟ್ರೇಲರ್ ಅಂದರೆ ಗಾಲಿಯ ಮೇಲಿನ ಮನೆ. ಒಳಗೆ ಜಾಗ ಕಡಿಮೆ. ಆದರೂ ಬೋಗುಣಿಗಳು ಮಾತ್ರ ಹಲವು. ಪಾತ್ರೆ ತೊಳೆಯಲು ಒಂದು, ಕೈ-ಮುಖಕ್ಕೆ ಒಂದು, ಬಟ್ಟೆಗೆ ಒಂದು, ನೆಲ ಒರೆಸಲು ಒಂದು. ಒಂದರ ಕೆಲಸ ಇನ್ನೊಂದರಲ್ಲಿ ಮಾಡುವಂತಿಲ್ಲ. ಬಾಯಿಯೊಳಗೆ ಹೋಗುವುದನ್ನು ಮುಟ್ಟುವ ನೀರು, ಮೈಯ ಹೊರಗಿನ ಕೊಳೆ ಮುಟ್ಟಿದ ನೀರಿಗೆ ಸೋಕಬಾರದು. ನಿಯಮ ಇಷ್ಟೇ, ಉಳಿದಿದ್ದೆಲ್ಲ ಇದರಿಂದ ಹುಟ್ಟಿದ್ದು. ಅಡುಗೆಮನೆಯ ಸಿಂಕ್ ಈ ಲೆಕ್ಕದಲ್ಲಿ ಅನುಮಾನದ ಜಾಗ. ಒಂದೇ ತೊಟ್ಟಿಯಲ್ಲಿ ಕೈ, ಪಾತ್ರೆ, ಕೆಲವೊಮ್ಮೆ ಬಟ್ಟೆ, ಎಲ್ಲವೂ! ಹಾಗಾಗಿ ಸಿಂಕ್ ಇದ್ದರೂ ಅದರೊಳಗೆ ಬೋಗುಣಿ ಇಟ್ಟೇ ಪಾತ್ರೆ ತೊಳೆಯುತ್ತಾರೆ. ಸಿಂಕೇ ಬೇಡ ಅಂತ ಟ್ರೇಲರ್ ಮಾಡಿಸಿಕೊಂಡವರೂ ಇದ್ದಾರೆ. ಟ್ರೇಲರಿನೊಳಗೆ ಶೌಚಾಲಯ ಅನ್ನುವುದಂತೂ ಯೋಚಿಸಲೂ ಆಗದ ಮಾತು. ಊಟ ಮಾಡುವ, ಮಲಗುವ ಸೂರಿನಡಿ ಅದು ಹೇಗೆ ಇರಲು ಸಾಧ್ಯ? ಕಂಪನಿಯವರು ಕೊಟ್ಟಿದ್ದರೆ ಅದನ್ನು ಸಾಮಾನಿಡುವ ಕಪಾಟು ಮಾಡಿಕೊಳ್ಳುತ್ತಾರೆ. ಹಿಂದೆ ನಮ್ಮ ಹಳ್ಳಿಗಳಲ್ಲಿ ಕಕ್ಕಸು ಮನೆಯೊಳಗೆ ಬೇಡ ಅಂತ ಹಟ ಹಿಡಿಯುತ್ತಿದ್ದ ಹಿರಿಯರಿಗೆ ಈ ಮಾತು ಕೂಡಲೇ ಅರ್ಥವಾಗುತ್ತಿತ್ತು, ಅಲ್ವಾ?

ಪ್ರಾಣಿಗಳಿಗೂ ಇದೇ ಅಳತೆ. ಬೆಕ್ಕು ತನ್ನ ಮೈಯನ್ನು ತಾನೇ ನೆಕ್ಕುತ್ತದೆ. ಹೊರಗಿನ ಕೊಳೆ ಒಳಗೆ ಹೋಯಿತು, ಹಾಗಾಗಿ ಬೆಕ್ಕು ಮೊಕಡಿ. ನಾಯಿ ಕಾವಲಿಗೆ ಬೇಕು, ಬೇಟೆಗೆ ಬೇಕು, ಆದರೆ ಟ್ರೇಲರ್ ಹತ್ತುವಂತಿಲ್ಲ. ಕುದುರೆ ಮೈ ನೆಕ್ಕಿಕೊಳ್ಳುವುದಿಲ್ಲ, ಆದ್ದರಿಂದ ಅದು ಶುದ್ಧ. ಪ್ರತಿ ವರ್ಷ ಜೂನ್‌ನಲ್ಲಿ ಉತ್ತರ ಇಂಗ್ಲೆಂಡಿನ ಆಪಲ್‌ಬಿಯಲ್ಲಿ ದೊಡ್ಡ ಕುದುರೆ ಜಾತ್ರೆ ನಡೆಯುತ್ತದೆ. ಅಲ್ಲಿ ಹುಡುಗರು ಈಡನ್ ನದಿಗಿಳಿದು ಕುದುರೆಗಳನ್ನು ತಿಕ್ಕಿ ತೊಳೆಯುತ್ತಾರೆ. ಮುಳ್ಳುಹಂದಿಯ ಹಾಗಿರುವ ಪುಟ್ಟ ಪ್ರಾಣಿ ಹೆಡ್ಜ್‌ಹಾಗ್ ಕೂಡ ಶುದ್ಧವೇ. ಮುಳ್ಳಿರುವ ಮೈಯನ್ನು ಅದು ನೆಕ್ಕುವುದಾದರೂ ಹೇಗೆ? ಹಿಂದಿನ ತಲೆಮಾರಿನವರು ಅದನ್ನು ಮಣ್ಣಲ್ಲಿ ಸುತ್ತಿ ಕೆಂಡದಲ್ಲಿ ಬೇಯಿಸಿ ತಿನ್ನುತ್ತಿದ್ದರು. ಹೊರಗಿನವರು ಇದನ್ನು ಕೇಳಿ ಮುಖ ಸಿಂಡರಿಸಿದರು. ಅದರ ಹಿಂದೆ ಒಂದು ತರ್ಕವಿದೆ ಅಂತ ಕೇಳಿ ತಿಳಿದವರು ಕಡಿಮೆ.

ಮೊಕಡಿ ಎಲ್ಲಕ್ಕಿಂತ ಜಾಸ್ತಿ ಭಾರ ಹೇರಿದ್ದು ಹೆಂಗಸರ ಮೇಲೆ. ಇದನ್ನು ಮರೆಮಾಚಿ ಬರೆದರೆ ಸುಳ್ಳಾಗುತ್ತದೆ. ಹಳೆಯ ಕಟ್ಟುಪಾಡಿನ ಮನೆಗಳಲ್ಲಿ ಹೆರಿಗೆಯಾದ ತಾಯಿಗೆ ಕೆಲವು ವಾರ ಬೇರೆ ತಟ್ಟೆ, ಬೇರೆ ಲೋಟ. ಗಂಡಸರಿಗೆ ಅವಳು ಅಡುಗೆ ಮಾಡುವಂತಿರಲಿಲ್ಲ. ಮುಟ್ಟಿನ ದಿನಗಳಲ್ಲೂ ನಿರ್ಬಂಧ. ಹೆಂಗಸರ ಬಟ್ಟೆ ಗಂಡಸರ ಕಣ್ಣಿಗೆ ಬೀಳುವ ಹಾಗೆ ಒಣಹಾಕಬಾರದು. ಸೂತಕದ ಮನೆಗಳಲ್ಲಿ, ಮುಟ್ಟಾದಾಗ ಹೊರಗೆ ಕೂರಿಸುವ ಮನೆಗಳಲ್ಲಿ ಬೆಳೆದ ನಮ್ಮ ಹೆಣ್ಣುಮಕ್ಕಳಿಗೆ ಇದರ ನೋವು ಬಿಡಿಸಿ ಹೇಳಬೇಕಿಲ್ಲ. ಹೊರಗಿನವರನ್ನು ಕಂಡರೆ ನಂಬಿಕೆಯಿಲ್ಲದ ಜಿಪ್ಸಿ ಹೆಂಗಸರೂ ಹೆರಿಗೆಗೆ ಆಸ್ಪತ್ರೆಯನ್ನೇ ಬಯಸಿದರು. ಹೆರಿಗೆಯ ಮೈಲಿಗೆ ಅಲ್ಲೇ ಉಳಿಯಲಿ, ಟ್ರೇಲರಿಗೆ ಬರುವುದು ಬೇಡ ಅನ್ನುವುದೂ ಅದಕ್ಕೊಂದು ಕಾರಣ. ಸಾವಿಗೂ ಮೈಲಿಗೆ ಉಂಟು. ಸತ್ತವರ ಬಂಡಿಯನ್ನು ಬೆಂಕಿಗೆ ಕೊಡುತ್ತಿದ್ದರು, ಅವರ ಪಿಂಗಾಣಿ ಒಡೆದು ಹಾಕುತ್ತಿದ್ದರು. ಈಗ ಟ್ರೇಲರನ್ನು ದೂರದ ಹೊರಗಿನವರಿಗೆ ಮಾರಿಬಿಡುವುದು ಜಾಸ್ತಿ.

ಹೊರಗಿನವರಿಗೆ ಅವರಿಟ್ಟ ಹೆಸರು ‘ಗೋರ್ಜ’. ಗೋರ್ಜರು ಇವರನ್ನು ‘ಗಲೀಜು ಜನ’ ಅನ್ನುತ್ತಾರೆ. ಗೋರ್ಜರು ಸಿಂಕಿನಲ್ಲಿ ಕೈಯನ್ನೂ ಕಪ್ಪನ್ನೂ ತೊಳೆಯುತ್ತಾರೆ, ನಾಯಿಯನ್ನು ಸೋಫಾ ಮೇಲೆ ಕೂರಿಸಿಕೊಳ್ಳುತ್ತಾರೆ, ಊಟದ ಕೋಣೆಯ ಪಕ್ಕದಲ್ಲೇ ಶೌಚಾಲಯ ಇಟ್ಟುಕೊಳ್ಳುತ್ತಾರೆ. ಹಾಗಾಗಿ ಜಿಪ್ಸಿಗಳ ಕಣ್ಣಲ್ಲಿ ಗೋರ್ಜರೇ ಮೊಕಡಿ. ಒಳಗೆ ಟ್ರೇಲರ್ ಥಳಥಳ ಹೊಳೆಯುತ್ತಿರುತ್ತದೆ. ಕ್ರೌನ್ ಡರ್ಬಿಯ ಚಿನ್ನದಂಚಿನ ಪಿಂಗಾಣಿ ಜೋಡಿಸಿಟ್ಟಿರುತ್ತಾರೆ, ಅಂಚು ಮುಕ್ಕಾದ ಕಪ್ ಒಂದು ಕ್ಷಣವೂ ಉಳಿಯುವುದಿಲ್ಲ. ಆದರೆ ರಸ್ತೆಯಲ್ಲಿ ಹೋಗುವವರಿಗೆ ಕಾಣುವುದು ಹೊರಗೆ ಬಿದ್ದಿರುವ ಗುಜರಿ, ಕಸ. ‘ಒಳಗೆ’ ಅನ್ನುವುದನ್ನು ಜೀವ ಕೊಟ್ಟು ಕಾಯುವವರಿಗೆ ‘ಹೊರಗೆ’ ಅಷ್ಟು ಮುಖ್ಯವಾಗಿರಲಿಲ್ಲ. ಅದರಲ್ಲೂ ನಾಳೆಯೇ ಪೊಲೀಸರು ಬಂದು ಎಬ್ಬಿಸುವ ಜಾಗ, ಕಸದ ಗಾಡಿಯೇ ಬಾರದ ಜಾಗ ಅದು.

ನಮ್ಮ ಮಡಿ-ಮೈಲಿಗೆಗೂ ಇದಕ್ಕೂ ಹೋಲಿಕೆ ಇಲ್ಲಿಗೆ ನಿಲ್ಲಬೇಕು ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ನಮ್ಮಲ್ಲಿ ಮೇಲಿದ್ದವರು ಕೆಳಗಿಟ್ಟವರನ್ನು ಬಾವಿಯಿಂದ, ದೇವಸ್ಥಾನದಿಂದ, ಊರಿನಿಂದ ದೂರ ಇಡಲು ಮೈಲಿಗೆಯನ್ನು ಬಳಸಿದರು. ಮೊಕಡಿಯ ಹಿಂದೆ ಅಂಥ ಅಧಿಕಾರ ಯಾವತ್ತೂ ಇರಲಿಲ್ಲ. ಯಾರ ಬಾವಿಯನ್ನೂ ಅವರು ಮುಚ್ಚಿಸಲಿಲ್ಲ. ನೀರಿಗಾಗಿ ಪರರ ಮನೆ ಬಾಗಿಲು ತಟ್ಟಿ ಬೈಸಿಕೊಂಡವರು ಅವರೇ. ಸುತ್ತಲೂ ಎಲ್ಲರೂ ಅಟ್ಟುತ್ತಿರುವಾಗ ‘ನಾವು ನಾವೇ’ ಅಂತ ಉಳಿಸಿಕೊಳ್ಳಲು ಎಳೆದುಕೊಂಡ ಗೆರೆ ಅದು.

ಅಟ್ಟಿದ್ದು ಸುಮ್ನೆ ಬಾಯಿಮಾತಲ್ಲ. 1530ರಲ್ಲಿ ಎಂಟನೇ ಹೆನ್ರಿಯ ಕಾಲದಲ್ಲಿ ‘ಈಜಿಪ್ಷಿಯನ್ನರು’ ದೇಶ ಬಿಡಬೇಕು ಅಂತ ಕಾನೂನು ಬಂತು. 1554ರ ಕಾನೂನಿನಲ್ಲಿ ಉಳಿದುಕೊಂಡವರಿಗೆ ಮರಣದಂಡನೆ. ಇನ್ನು ಇತ್ತೀಚೆಗೆ, 1968ರ ಕಾನೂನು ಟ್ರೇಲರ್ ನಿಲ್ಲಿಸಲು ಜಾಗ ಒದಗಿಸುವುದು ಸ್ಥಳೀಯ ಆಡಳಿತದ ಕರ್ತವ್ಯ ಅಂದಿತು. 1994ರಲ್ಲಿ ಆ ಕರ್ತವ್ಯವನ್ನೇ ತೆಗೆದುಹಾಕಿದರು. 2011ರ ಅಕ್ಟೋಬರ್‌ನಲ್ಲಿ ಎಸೆಕ್ಸ್‌ನ ಡೇಲ್ ಫಾರ್ಮ್‌ನಿಂದ ಸುಮಾರು 80 ಐರಿಷ್ ಟ್ರಾವೆಲರ್ ಕುಟುಂಬಗಳನ್ನು ಎಬ್ಬಿಸಿದರು. ಜಮೀನು ಅವರದೇ, ಆದರೆ ಅಲ್ಲಿ ವಾಸಿಸಲು ಪರವಾನಗಿ ಇರಲಿಲ್ಲ. ಪಬ್‌ಗಳ ಬಾಗಿಲಲ್ಲಿ ‘ಟ್ರಾವೆಲರ್‌ಗಳಿಗೆ ಪ್ರವೇಶವಿಲ್ಲ’ ಅನ್ನುವ ಬೋರ್ಡು ಮಾಮೂಲಿಯಾಗಿತ್ತು. ಲಂಡನ್ನಿನ ಒಂದು ಪಬ್ಬಿನ ಅಂಥ ಬೋರ್ಡಿನ ಮೇಲೆ ನಡೆದ ಮೊಕದ್ದಮೆಯಲ್ಲಿ, 1988ರಲ್ಲಿ, ಜಿಪ್ಸಿಗಳು ಒಂದು ಜನಾಂಗ, ಜನಾಂಗ ಭೇದದ ಕಾನೂನು ಅವರನ್ನೂ ಕಾಯುತ್ತದೆ ಅಂತ ಮೇಲ್ಮನವಿ ನ್ಯಾಯಾಲಯ ಹೇಳಿತು. ಐರ್ಲೆಂಡ್ ಸರ್ಕಾರ ತನ್ನ ಟ್ರಾವೆಲರ್‌ಗಳನ್ನು ಬೇರೆಯೇ ಜನಾಂಗವೆಂದು ಒಪ್ಪಿಕೊಂಡಿದ್ದು 2017ರಲ್ಲಿ. ಅಲೆಮಾರಿ ಅಂದರೆ ಕಳ್ಳ ಅನ್ನುವ ಅದೇ ಕಣ್ಣು ಬ್ರಿಟಿಷರ ಜೊತೆ ಭಾರತಕ್ಕೂ ಬಂತು. 1871ರ ಅಪರಾಧಿ ಬುಡಕಟ್ಟುಗಳ ಕಾನೂನು ಹುಟ್ಟಿದ ಮಗುವನ್ನೇ ಅಪರಾಧಿ ಪಟ್ಟಿಗೆ ಸೇರಿಸಿತು. ನಮ್ಮ ಕೊರಚ, ಕೊರಮ ಸಮುದಾಯಗಳು ಇಂದಿಗೂ ಆ ಹಣೆಪಟ್ಟಿಯ ಭಾರ ಹೊರುತ್ತಿವೆ.

ನನಗೆ ಸಂಕಟವಾಗುವುದು ಇಲ್ಲಿ: ಸರ್ಕಾರಿ ಜಾಗ ಕೊಟ್ಟಾಗಲೂ ಎಷ್ಟೋ ಸಲ ಅದು ಕೊಳಚೆ ನೀರಿನ ಘಟಕದ ಪಕ್ಕ, ಕಸದ ಗುಡ್ಡೆಯ ಪಕ್ಕ, ಹೆದ್ದಾರಿಯ ಕೆಳಗೆ. ಮೊಕಡಿ ಅನ್ನುವ ಮಾತಿನ ಸುತ್ತ ಬದುಕು ಕಟ್ಟಿಕೊಂಡ ಜನರನ್ನು ಇಡೀ ಊರಿನ ಹೊಲಸಿನ ಪಕ್ಕ ಕೂರಿಸುವುದು! ಅಡುಗೆ ಮಾಡುವ ಕಡೆಗೇ ಶೌಚಾಲಯದ ಬಾಗಿಲು ತೆರೆಯುವ ಹಾಗೆ ಕಟ್ಟಿಕೊಟ್ಟ ಉದಾಹರಣೆಗಳೂ ಇವೆ. ಅವರನ್ನು ಒಂದು ಮಾತು ಕೇಳಿದ್ದರೆ ಸಾಕಿತ್ತು. 2010ರಲ್ಲಿ ಐರ್ಲೆಂಡಿನಲ್ಲಿ ಪ್ರಕಟವಾದ ದೊಡ್ಡ ಆರೋಗ್ಯ ಸಮೀಕ್ಷೆಯ ಪ್ರಕಾರ ಟ್ರಾವೆಲರ್ ಗಂಡಸರ ಆಯಸ್ಸು ಉಳಿದವರಿಗಿಂತ ಸುಮಾರು 15 ವರ್ಷ ಕಡಿಮೆ, ಹೆಂಗಸರದು 11 ವರ್ಷಕ್ಕೂ ಹೆಚ್ಚು ಕಡಿಮೆ. ಇದಕ್ಕೆ ಕಾರಣ ಹಲವು. ಆದರೆ ನಲ್ಲಿಯಿಲ್ಲದ, ಚರಂಡಿಯಿಲ್ಲದ ಜಾಗದಲ್ಲಿ ಬದುಕುವುದರ ಪಾಲು ಅದರಲ್ಲಿ ಇಲ್ಲ ಅಂತ ಯಾರೂ ಹೇಳಲಾರರು.

ಪದ ಈಗಲೂ ಬದುಕಿದೆ, ಅರ್ಥ ಸ್ವಲ್ಪ ಸಡಿಲವಾಗಿದೆ. ಹುಡುಗರು ಬರೀ ‘ಛೀ, ಗಲೀಜು’ ಅನ್ನುವ ಕಡೆಯೂ ಮೊಕಡಿ ಅನ್ನುತ್ತಾರೆ. ನಾಚಿಕೆಗೆಟ್ಟ ನಡತೆಗೂ ಅದೇ ಮಾತು. ಇಂಗ್ಲೆಂಡ್ ಮತ್ತು ವೇಲ್ಸ್‌ನ 2011ರ ಜನಗಣತಿಯಲ್ಲಿ ತಮ್ಮನ್ನು ಜಿಪ್ಸಿ ಅಥವಾ ಐರಿಷ್ ಟ್ರಾವೆಲರ್ ಅಂತ ಬರೆಸಿದ ಸುಮಾರು 58,000 ಜನರಲ್ಲಿ ಟ್ರೇಲರಿನಂಥ ಮನೆಗಳಲ್ಲಿದ್ದವರು ಕಾಲುಭಾಗದಷ್ಟೇ. ಉಳಿದವರು ಇಟ್ಟಿಗೆ ಮನೆ ಸೇರಿದ್ದಾರೆ. ಕೆಲಸಕ್ಕೆಂದು ಇಂಗ್ಲೆಂಡಿಗೆ ಹೋದ ಕನ್ನಡದವರು ಮೊದಲ ಬಾಡಿಗೆ ಮನೆಯಲ್ಲಿ ಒಂದು ವಿಷಯಕ್ಕೆ ಬೆರಗಾಗುತ್ತಾರೆ: ವಾಷಿಂಗ್ ಮಷಿನ್ ಅಡುಗೆಮನೆಯಲ್ಲೇ ಇರುತ್ತದೆ, ಒಲೆಯ ಪಕ್ಕದಲ್ಲೇ. ನಾವು ಎರಡು ದಿನ ಗೊಣಗಿ ಹೊಂದಿಕೊಳ್ಳುತ್ತೇವೆ. ಮನೆ ಸೇರಿದ ಎಷ್ಟೋ ಜಿಪ್ಸಿ ಹೆಂಗಸರು ಮಾತ್ರ ಹೊಂದಿಕೊಳ್ಳುವುದಿಲ್ಲ. ಮೊದಲ ವಾರವೇ ಅದನ್ನು ಎತ್ತಿಸಿ ಹಿತ್ತಲಿನ ಶೆಡ್ಡಿಗೆ ಹಾಕಿಸುತ್ತಾರೆ.