ನೆಗಡಿ ಬಂದಾಗ ಮೂಗಿನೊಳಗೆ ಏನಾಗುತ್ತದೆ?

ನೆಗಡಿಯ ಪಾಠ ಶುರು ಮಾಡಿದ ಕೂಡಲೇ ವೈರಸ್‌ಗಳ ಹೆಸರು ಬಾಯಿಪಾಠ ಮಾಡಲು ಕೂರಬೇಡಿ. ಅದಕ್ಕೂ ಮುಂಚೆ ಒಂದು ವಿಷಯ ತಲೆಯಲ್ಲಿ ಕೂರಲಿ. ಮೂಗು ಸೋರುವುದು, ಕಟ್ಟುವುದು, ಸೀನು, ಗಂಟಲು ಕೆರೆತ, ಇವನ್ನೆಲ್ಲ ಬಹುಮಟ್ಟಿಗೆ ಮಾಡುವುದು ನಮ್ಮ ದೇಹವೇ. ಒಳಗೆ ವೈರಸ್ ಬಂದಿದೆ ಎಂದು ಗೊತ್ತಾದಾಗ ಅದು ಹೂಡುವ ಹೋರಾಟದ ಗುರುತುಗಳಿವು. ಇಷ್ಟು ಹಿಡಿದುಕೊಂಡರೆ ಉಳಿದದ್ದು ಸಲೀಸು.

ನೆಗಡಿ ತರುವ ವೈರಸ್‌ಗಳು 200ಕ್ಕೂ ಜಾಸ್ತಿ. ದೊಡ್ಡ ಪಾಲು ರೈನೋವೈರಸ್‌ನದು, ಅದರಲ್ಲೇ 160ಕ್ಕೂ ಹೆಚ್ಚು ಬಗೆಗಳಿವೆ. ಕೋವಿಡ್ ಬರುವ ಮೊದಲಿನಿಂದಲೂ ಇದ್ದ ನಾಲ್ಕು ಕೊರೋನಾವೈರಸ್‌ಗಳು, ಅಡೆನೋವೈರಸ್, ಆರ್‌ಎಸ್‌ವಿ ಮುಂತಾದವು ಉಳಿದ ಪಾಲಿಗೆ ಬರುತ್ತವೆ.

1914ರಲ್ಲಿ ಜರ್ಮನಿಯ ವಾಲ್ಟರ್ ಕ್ರೂಸ್ ನೆಗಡಿಯಾದವರ ಸಿಂಬಳವನ್ನು ಬ್ಯಾಕ್ಟೀರಿಯಾ ದಾಟಲಾಗದಂಥ ಸೋಸುಗದಲ್ಲಿ ಸೋಸಿ, ಚೆನ್ನಾಗಿದ್ದವರ ಮೂಗಿಗೆ ಹಾಕಿದರು. ಅವರಲ್ಲಿ ಕೆಲವರಿಗೆ ನೆಗಡಿ ಬಂತು. ಅಂದರೆ ಕಾರಣ ಬ್ಯಾಕ್ಟೀರಿಯಾಕ್ಕಿಂತ ಚಿಕ್ಕದು ಎಂದಾಯಿತು. ಆದರೆ ಅದನ್ನು ಪ್ರಯೋಗಾಲಯದಲ್ಲಿ ಬೆಳೆಸಲು ಹೋದರೆ ಬೆಳೆಯುತ್ತಿರಲಿಲ್ಲ. ಇಂಗ್ಲೆಂಡಿನ ಸಾಲ್ಸ್‌ಬರಿಯಲ್ಲಿ 1946ರಿಂದ ನೆಗಡಿಗೆಂದೇ ಒಂದು ಸಂಶೋಧನಾ ಘಟಕ ಇತ್ತು. ಅಲ್ಲಿ ಡೇವಿಡ್ ಟೈರೆಲ್ ಮತ್ತು ಜೊತೆಗಾರರು 1960ರ ಹೊತ್ತಿಗೆ ಶಾಖವನ್ನು ದೇಹದ 37 ಡಿಗ್ರಿಯಿಂದ 33 ಡಿಗ್ರಿಗೆ ಇಳಿಸಿ ನೋಡಿದರು. ವೈರಸ್ ಚೆನ್ನಾಗಿ ಬೆಳೆಯಿತು. ಯಾಕೆ ಅಂತೀರಾ? ಉಸಿರಿನ ಗಾಳಿ ತಾಗುವ ಮೂಗಿನ ಒಳಭಾಗ ಹೆಚ್ಚುಕಡಿಮೆ ಅಷ್ಟೇ ಬೆಚ್ಚಗಿರುತ್ತದೆ. ರೈನೋವೈರಸ್ ಹೆಚ್ಚಾಗಿ ಮೂಗಿನಲ್ಲೇ ಯಾಕೆ ಬೀಡುಬಿಡುತ್ತದೆ ಎಂಬುದಕ್ಕೆ ಇದೂ ಒಂದು ಕಾರಣ. ನನಗೆ ಈ ಪಾಠದಲ್ಲಿ ತುಂಬಾ ಇಷ್ಟವಾದ ಭಾಗ ಇದು.

ವೈರಸ್ ಮೂಗಿನ ಹಿಂಭಾಗದ ಜೀವಕೋಶಗಳಿಗೆ ಅಂಟಿಕೊಳ್ಳುತ್ತದೆ. ಹೆಚ್ಚಿನ ರೈನೋವೈರಸ್‌ಗಳು ಹಿಡಿದುಕೊಳ್ಳುವ ಪ್ರೋಟೀನ್ ಹೆಸರು ಐಸಿಎಎಂ-1, ನೆನಪಿಡಿ. ಸಾಮಾನ್ಯವಾಗಿ 12 ಗಂಟೆಯಿಂದ 3 ದಿನದೊಳಗೆ ಲಕ್ಷಣ ಶುರು. ಹಿಂಭಾಗದಲ್ಲೇ ಆರಂಭವಾಗುವುದರಿಂದ ಎಷ್ಟೋ ಜನರಿಗೆ ಮೊದಲು ಗಂಟಲು ಕೆರೆಯುತ್ತದೆ, ಆಮೇಲೆ ಮೂಗು ಸೋರುತ್ತದೆ. ಸೋಂಕು ತಗುಲಿದ ಕೋಶಗಳು ಕೊಡುವ ಸೂಚನೆಯಿಂದ ಬ್ರಾಡಿಕೈನಿನ್‌ನಂಥ ರಾಸಾಯನಿಕಗಳು ಬಿಡುಗಡೆಯಾಗುತ್ತವೆ. ನರ ಕೆರಳಿದರೆ ಸೀನು, ಗ್ರಂಥಿ ಕೆರಳಿದರೆ ಸಿಂಬಳ.

ಮೂಗು ಕಟ್ಟುವುದರ ಬಗ್ಗೆ ಸ್ವಲ್ಪ ನಿಂತು ನೋಡೋಣ. ಸಿಂಬಳ ತುಂಬಿಕೊಂಡು ಕಟ್ಟಿದೆ ಅಂತಲೇ ನಾವೆಲ್ಲ ಅಂದುಕೊಂಡಿರುತ್ತೇವೆ ಅಲ್ವಾ? ಮೂಗಿನೊಳಗಿನ ಗೋಡೆಗಳಲ್ಲಿ ಸುರುಳಿಯಂಥ ಮಡಿಕೆಗಳಿವೆ, ಟರ್ಬಿನೇಟ್ ಅಂತಾರೆ. ಅವುಗಳ ಮೇಲಿನ ಪದರದ ತುಂಬಾ ರಕ್ತನಾಳಗಳು. ನೆಗಡಿಯಾದಾಗ ಆ ನಾಳಗಳಲ್ಲಿ ರಕ್ತ ತುಂಬಿ ಪದರ ಊದಿಕೊಳ್ಳುತ್ತದೆ, ಗಾಳಿಯ ದಾರಿ ಕಿರಿದಾಗುತ್ತದೆ. ಎಷ್ಟು ಸಿಂಬಳ ತೆಗೆದರೂ ಮೂಗು ಬಿಡದಿರುವುದು ಇದಕ್ಕೇ. ಮಲಗಿದಾಗ ತಲೆಯ ಕಡೆ ರಕ್ತ ಜಾಸ್ತಿಯಾಗಿ ಇನ್ನಷ್ಟು ಕಟ್ಟುತ್ತದೆ. ಮೂಗಿಗೆ ಹಾಕುವ ಕ್ಸೈಲೋಮೆಟಾಜೋಲಿನ್‌ನಂಥ ಡ್ರಾಪ್ಸ್ ಈ ನಾಳಗಳನ್ನು ಕುಗ್ಗಿಸುತ್ತದೆ, ಅದಕ್ಕೇ ತಕ್ಷಣ ಹಾಯೆನಿಸುತ್ತದೆ. ಆದರೆ ಸುಮ್ನೆ ವಾರಗಟ್ಟಲೆ ಹಾಕುತ್ತಾ ಹೋದರೆ ಡ್ರಾಪ್ಸ್ ಬಿಟ್ಟ ಕೂಡಲೇ ಮೂಗು ಮತ್ತೆ ಕಟ್ಟಲು ಶುರುವಾಗುತ್ತದೆ. ಮೂರರಿಂದ ಐದು ದಿನಕ್ಕೆ ನಿಲ್ಲಿಸಬೇಕು ಎನ್ನುವುದು ಇದೇ ಕಾರಣಕ್ಕೆ.

ಇನ್ನು ಸಿಂಬಳದ ಬಣ್ಣ. ಮೊದಲು ನೀರಿನಂತಿದ್ದದ್ದು ಎರಡು ಮೂರು ದಿನಕ್ಕೆ ಗಟ್ಟಿಯಾಗಿ ಹಳದಿ, ಹಸಿರಿಗೆ ತಿರುಗುತ್ತದೆ. ನೋಡಿದ ಕೂಡಲೇ ‘ಇನ್‌ಫೆಕ್ಷನ್ ಜೋರಾಯ್ತು, ಆಂಟಿಬಯೋಟಿಕ್ ಬೇಕು’ ಅನ್ನುವವರೇ ಹೆಚ್ಚು. ಹೋರಾಡಲು ಬಂದ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳಲ್ಲಿ ಮೈಲೋಪೆರಾಕ್ಸಿಡೇಸ್ ಎಂಬ ಕಿಣ್ವ ಇರುತ್ತದೆ. ಕಬ್ಬಿಣದ ಅಂಶವಿರುವ ಆ ಕಿಣ್ವದ ಬಣ್ಣವೇ ಹಸಿರು. ಬರೀ ಬಣ್ಣ ನೋಡಿ ಬ್ಯಾಕ್ಟೀರಿಯಾ ಎಂದು ತೀರ್ಮಾನಿಸಲು ಆಗುವುದಿಲ್ಲ. ಆಂಟಿಬಯೋಟಿಕ್ ಕೆಲಸ ಮಾಡುವುದು ಬ್ಯಾಕ್ಟೀರಿಯಾ ಮೇಲೆ, ವೈರಸ್ ಮೇಲಲ್ಲ. ನೆಗಡಿಗೆ ನುಂಗಿದರೆ ಲಾಭವಿಲ್ಲ, ಭೇದಿಯಂಥ ತೊಂದರೆ ಬರಬಹುದು. ಮುಂದೆ ನಿಜವಾಗಿ ಬೇಕಾದಾಗ ಔಷಧಿಗೆ ಜಗ್ಗದ ಬ್ಯಾಕ್ಟೀರಿಯಾಗಳೂ ಹುಟ್ಟಿಕೊಂಡಿರುತ್ತವೆ. ಈ ವಿಷಯವನ್ನು ಪರೀಕ್ಷೆ ಮುಗಿದ ಮೇಲೂ ಮರೆಯಬೇಡಿ, ದಯವಿಟ್ಟು.

ಒಮ್ಮೆ ಬಂದದ್ದು ಮತ್ತೆ ಮತ್ತೆ ಯಾಕೆ ಬರುತ್ತದೆ? ಒಂದು ಬಗೆಯ ವೈರಸ್ ವಿರುದ್ಧ ದೇಹ ಕಲಿತದ್ದು ಇನ್ನೊಂದು ಬಗೆಗೆ ಅಷ್ಟಾಗಿ ಉಪಯೋಗಕ್ಕೆ ಬರುವುದಿಲ್ಲ. ಲಸಿಕೆ ಇಲ್ಲದಿರುವುದಕ್ಕೂ ಮುಖ್ಯ ಅಡ್ಡಿ ಇದೇ. ದೊಡ್ಡವರಿಗೆ ವರ್ಷಕ್ಕೆ ಎರಡು ಮೂರು ಸಲ, ಚಿಕ್ಕ ಮಕ್ಕಳಿಗೆ ಆರೆಂಟು ಸಲ ಬಂದರೂ ಅದು ಸಹಜ.

ಹರಡುವುದು ಸೀನು, ಕೆಮ್ಮಿನ ಹನಿಗಳಿಂದ, ಮತ್ತು ಕೈಯಿಂದ. ಸೋಂಕಿದ ಕೈಯಲ್ಲಿ ಮೂಗು, ಕಣ್ಣು ಉಜ್ಜಿಕೊಂಡರೆ ಸಾಕು. ಕಣ್ಣಿನಿಂದ ಹೇಗೆ ಅಂದರೆ, ಕಣ್ಣೀರು ಇಳಿಯುವ ನಾಳ ಮೂಗಿಗೇ ತೆರೆದುಕೊಳ್ಳುತ್ತದೆ. ರೈನೋವೈರಸ್‌ಗೆ ಹೊರಗಡೆ ಕೊಬ್ಬಿನ ಹೊದಿಕೆ ಇಲ್ಲದ ಕಾರಣ ಸ್ಯಾನಿಟೈಸರ್‌ಗೆ ಅಷ್ಟು ಸುಲಭವಾಗಿ ಸಾಯುವುದಿಲ್ಲ. ಸೋಪು ಹಚ್ಚಿ ತೊಳೆದರೆ ನೀರಿನ ಜೊತೆ ಹೋಗಿಬಿಡುತ್ತದೆ.

ಔಷಧಿ ಬರೀ ಲಕ್ಷಣಗಳಿಗೆ. ಜ್ವರ, ಮೈಕೈ ನೋವಿಗೆ ಪ್ಯಾರಾಸಿಟಮಾಲ್, ಕೆಮ್ಮಿಗೆ ಜೇನುತುಪ್ಪ. ಒಂದು ವರ್ಷ ತುಂಬದ ಮಗುವಿಗೆ ಜೇನು ಕೊಡಲೇಬಾರದು, ಬೊಟುಲಿಸಂ ಎಂಬ, ನರಗಳಿಗೆ ತಗುಲುವ ವಿಷಬಾಧೆ ಬರುವ ಅಪಾಯವಿದೆ. ಮಕ್ಕಳಿಗೆ ಆಸ್ಪಿರಿನ್ ಕೂಡ ಬೇಡ.

ಸಾಮಾನ್ಯವಾಗಿ 7ರಿಂದ 10 ದಿನದಲ್ಲಿ ವಾಸಿಯಾಗುತ್ತದೆ, ಕೆಮ್ಮು ಇನ್ನೂ ಸ್ವಲ್ಪ ದಿನ ಉಳಿಯಬಹುದು. ಇದ್ದಕ್ಕಿದ್ದಂತೆ ಜೋರು ಜ್ವರ, ಎದ್ದೇಳಲಾಗದಷ್ಟು ಮೈಕೈ ನೋವು ಬಂದರೆ ಫ್ಲೂ ಇರಬಹುದು. ಉಸಿರಾಟಕ್ಕೆ ಕಷ್ಟವಾದರೆ, ಕಿವಿ ನೋವು ಬಂದರೆ, ಕಡಿಮೆಯಾಗಿದ್ದದ್ದು ಮತ್ತೆ ಜ್ವರದೊಂದಿಗೆ ಕೆರಳಿದರೆ ವೈದ್ಯರಿಗೆ ತೋರಿಸಬೇಕು. ಮೂರು ತಿಂಗಳೊಳಗಿನ ಮಗುವಿಗೆ 38 ಡಿಗ್ರಿ ಸೆಲ್ಸಿಯಸ್ ಜ್ವರ ಬಂದರೆ ಕಾಯದೆ ಅಂದೇ ಕರೆದುಕೊಂಡು ಹೋಗಬೇಕು.