ಹಣ ಯಾವ ಕಡೆಗೆ ಹೋಗುತ್ತಿದೆ?

ಬೀದರ್‌ನ ಚೌಬಾರಾ ಬಳಿ ಬಿದರಿ ಕಲೆಯನ್ನೇ ನಂಬಿ ಬದುಕುವ ಮನೆಯೊಂದರ ಹುಡುಗಿ, ಅಪ್ಪ ಮಾಡಿದ ಹೂದಾನಿಯ ಚಿತ್ರವನ್ನು ಸಾಮಾಜಿಕ ಜಾಲತಾಣದಲ್ಲಿ ಹಾಕಿದಳು. ಲಂಡನ್ನಿನ ವೈದ್ಯನೆಂದು ಹೇಳಿಕೊಂಡ ಅಪರಿಚಿತನೊಬ್ಬ ಮೆಚ್ಚಿ ಬರೆದ. ಮೂರು ವಾರ ಒಂದು ಪೈಸೆಯನ್ನೂ ಕೇಳಲಿಲ್ಲ. ಲೋಹ ಇಷ್ಟು ಕಪ್ಪಾಗುವುದು ಹೇಗೆ ಎಂದಷ್ಟೇ ಕೇಳಿದ. ಸತು, ತಾಮ್ರದ ಎರಕಕ್ಕೆ ಬೆಳ್ಳಿ ಕೂರಿಸಿ, ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿ ಹಚ್ಚಿದರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಹೊಳೆಯುತ್ತದೆ ಎಂದು ಆಕೆ ಅಕ್ಕರೆಯಿಂದ ವಿವರಿಸಿದಳು. ಅಪ್ಪನ ಕೆಲಸದ ಬಗ್ಗೆ ಅಷ್ಟು ಆಸಕ್ತಿಯಿಂದ ಅವಳನ್ನು ಯಾರೂ ಕೇಳಿರಲಿಲ್ಲ. ಆಮೇಲೆ ಒಂದೊಂದೇ ಕೋರಿಕೆ: ಹೂದಾನಿಯ ಪಕ್ಕ ನನ್ನ ಹೆಸರು ಬರೆದಿಟ್ಟು ಚಿತ್ರ ಕಳುಹಿಸು, ಇನ್ನು ವಾಟ್ಸ್‌ಆ್ಯಪ್‌ನಲ್ಲಿ ಮಾತಾಡೋಣ, ವಿಳಾಸ ಕೊಡು, ಉಡುಗೊರೆ ಕಳುಹಿಸುತ್ತೇನೆ. ಕೊನೆಗೆ, ಪಾರ್ಸೆಲ್ ದೆಹಲಿ ವಿಮಾನ ನಿಲ್ದಾಣದಲ್ಲಿ ನಿಂತಿದೆ, 8,500 ರೂಪಾಯಿ ಸುಂಕ ಕಟ್ಟಿ ಎಂದು ಹೆಂಗಸೊಬ್ಬಳ ಕರೆ ಬಂತು. ಕಟ್ಟಿದಳು. ಮರುದಿನ 42,000 ಕೇಳಿದರು.

ಅವಳನ್ನು ದಡ್ಡಿ ಎಂದವರ ಮಾತನ್ನು ನಾನು ಒಪ್ಪುವುದಿಲ್ಲ. ಜೊನಾಥನ್ ಫ್ರೀಡ್‌ಮನ್ ಮತ್ತು ಸ್ಕಾಟ್ ಫ್ರೇಸರ್ ಎಂಬ ಮನೋವಿಜ್ಞಾನಿಗಳು 1966ರಲ್ಲಿ ಪ್ರಕಟಿಸಿದ ಪ್ರಯೋಗ ನೋಡಿ. ಸುರಕ್ಷಿತ ಚಾಲನೆಯ ದೊಡ್ಡ, ಅಂದಗೆಟ್ಟ ಫಲಕವನ್ನು ಅಂಗಳದಲ್ಲಿ ನೆಡಲು ಕ್ಯಾಲಿಫೋರ್ನಿಯಾದ ಮನೆಯವರನ್ನು ನೇರವಾಗಿ ಕೇಳಿದಾಗ ಸುಮಾರು 17 ಶೇಕಡಾ ಮಂದಿ ಒಪ್ಪಿದರು. ಎರಡು ವಾರ ಮೊದಲು ಅದೇ ವಿಷಯದ ಮೂರು ಇಂಚಿನ ಚೀಟಿ ಅಂಟಿಸಿಕೊಳ್ಳುವಂತೆ ಕೇಳಲಾಗಿದ್ದ ಗುಂಪಿನಲ್ಲಿ 76 ಶೇಕಡಾ ಮಂದಿ ಒಪ್ಪಿದರು! ಸಣ್ಣದಕ್ಕೆ ಒಮ್ಮೆ ಹೂಂ ಎಂದ ಮನಸ್ಸು ತನ್ನನ್ನು ತಾನೇ ‘ನಾನು ನೆರವಾಗುವವನು’ ಎಂದು ಕಾಣತೊಡಗುತ್ತದೆ. ಹೆಸರು ಬರೆದ ಆ ಚಿತ್ರವೇ ಇಲ್ಲಿ ಮೂರು ಇಂಚಿನ ಚೀಟಿ.

ಇಂಥ ಮೋಸವನ್ನು ಎದುರಿನವನ ಮುಖ ನೋಡಿ ಗುರುತಿಸುವುದೂ ಕಷ್ಟ. ಕದ್ದ ಫೋಟೋವಾದರೆ ಅಂತರ್ಜಾಲದಲ್ಲಿ ಹುಡುಕಿದಾಗ ಮೂಲ ಸಿಗಬಹುದು; ಕೃತಕ ಬುದ್ಧಿಮತ್ತೆ ಸೃಷ್ಟಿಸಿದ ಮುಖಕ್ಕೆ ಮೂಲವೇ ಇಲ್ಲ. ವಿಡಿಯೊ ಕರೆಯನ್ನೂ ಈಗ ಪೂರ್ತಿ ನಂಬುವಂತಿಲ್ಲ. ಹಣ ಹೋಗುವ ದಿಕ್ಕನ್ನು ನೋಡಿ. ನಿಮಗೆ ಏನೋ ಬರಲಿದೆ, ಅದಕ್ಕೆ ಮೊದಲು ನೀವು ಕೊಡಬೇಕು ಎಂದರೆ ಅಲ್ಲೇ ನಿಲ್ಲಿ. ಸುಂಕ ಇಲಾಖೆ ಯಾರದೋ ಖಾಸಗಿ ಖಾತೆಗೆ ಹಣ ಹಾಕಿಸಿಕೊಳ್ಳುವುದಿಲ್ಲ. ಯುಪಿಐನಲ್ಲಿ ಹಣ ಪಡೆಯಲು ಪಿನ್ ಒತ್ತಬೇಕಿಲ್ಲ. ಪಿನ್ ಒತ್ತಿದರೆ ಹಣ ಹೋಗುವುದು ನಿಮ್ಮ ಖಾತೆಯಿಂದಲೇ. ಅವಸರಪಡಿಸಿ, ಮನೆಯವರಿಗೆ ಹೇಳಬೇಡ ಎಂದರಂತೂ ಅದು ಮೋಸವೇ, ಅನುಮಾನ ಬೇಡ.

42,000 ಕೇಳಿದ ರಾತ್ರಿ ಆ ಹುಡುಗಿ ಅಪ್ಪನ ಮುಂದೆ ಅತ್ತಳು. ಅವರು ಗದರಿಸಲಿಲ್ಲ. ನನಗೆ ಬಹಳ ದೊಡ್ಡದಾಗಿ ಕಂಡದ್ದು ಅದೇ, ಏಕೆಂದರೆ ಬೈಗುಳದ ಭಯಕ್ಕೆ ಎಷ್ಟೋ ಮಕ್ಕಳು ಎರಡನೆಯ ಕಂತನ್ನೂ ಕಟ್ಟಿಬಿಡುತ್ತಾರೆ. ಅಪ್ಪ, ಮಗಳು ಆಗಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದರು. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಬೇಗ ಬೇಗ ದಾಟುವುದರಿಂದ, ದೂರು ಎಷ್ಟು ಬೇಗ ದಾಖಲಾದರೆ ತಡೆಹಿಡಿಯುವ ಸಾಧ್ಯತೆ ಅಷ್ಟು ಹೆಚ್ಚು. ಮರುದಿನ ಬೆಳಿಗ್ಗೆ, ಒಂದೂ ಸಂದೇಶ ಅಳಿಸದ ಮೊಬೈಲ್ ಹಿಡಿದು, ಇಬ್ಬರೂ ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಸೆನ್ ಪೊಲೀಸ್ ಠಾಣೆಗೆ ಹೋದರು.