ಶಾಲೆಗೆ ಕಾಯ್ದಿರಿಸಿದ ಜಾಗ: 71ನೇ ಸೆಕ್ಷನ್ ಓದುವಾಗ

ಪರೀಕ್ಷೆಯ ಕಂದಾಯ ಪೇಪರ್‌ಗೆ ಓದುವವರು ಜಾಸ್ತಿ ಎಡವುವುದು ಎರಡು ಪದಗಳಲ್ಲಿ: ಮಂಜೂರು, ಕಾಯ್ದಿರಿಸುವುದು. ಬೆಂಗಳೂರಿನ ವಿಜಯನಗರದ ನಮ್ಮ ಓದುವ ಗುಂಪಿನಲ್ಲಿ ಇದರ ಮೇಲೆ ಒಂದು ಸಂಜೆಯೆಲ್ಲ ಜಗಳ ಆಯಿತು. ಅದಕ್ಕೇ ಬರೆದಿಡುತ್ತಿದ್ದೇನೆ.

ಮಂಜೂರು ಅಂದರೆ ಸರ್ಕಾರ ತನ್ನ ಜಮೀನನ್ನು ಇನ್ನೊಬ್ಬರಿಗೆ ಕೊಡುವುದು. ಅದಕ್ಕೆ 1969ರ ಭೂ ಮಂಜೂರಾತಿ ನಿಯಮಗಳಿವೆ. ಕಾಯ್ದಿರಿಸಿದಾಗ ಜಮೀನು ಸರ್ಕಾರದ್ದಾಗಿಯೇ ಇರುತ್ತದೆ, ಯಾವುದಕ್ಕೆ ಬಳಸಬೇಕು ಅನ್ನುವುದು ಮಾತ್ರ ತೀರ್ಮಾನವಾಗುತ್ತದೆ. ಆ ಅಧಿಕಾರವನ್ನು ಜಿಲ್ಲಾಧಿಕಾರಿಗೆ ಕೊಟ್ಟಿರುವುದು ಕರ್ನಾಟಕ ಭೂ ಕಂದಾಯ ಕಾಯ್ದೆ, 1964ರ 71ನೇ ಸೆಕ್ಷನ್. ಅದರಲ್ಲಿ 'ಶಾಲೆ' ಅಂತ ಹುಡುಕಬೇಡಿ, ಸಿಗಲ್ಲ. ದನ ಮೇಯಿಸಲು, ಅರಣ್ಯಕ್ಕೆ, ಇಲ್ಲವೇ ಬೇರೆ ಯಾವುದೇ ಸಾರ್ವಜನಿಕ ಉದ್ದೇಶಕ್ಕೆ ಅಂತ ಇದೆ. ಶಾಲೆ ಬರುವುದು ಈ ಕೊನೆಯದರಲ್ಲಿ. ಷರತ್ತು ಎರಡು: ಜಮೀನು ಸರ್ಕಾರದ್ದಾಗಿರಬೇಕು, ಯಾರ ಕಾನೂನುಬದ್ಧ ಸ್ವಾಧೀನದಲ್ಲೂ ಇರಬಾರದು. 'ಕಾನೂನುಬದ್ಧ' ಪದಕ್ಕೆ ಗೆರೆ ಎಳೆಯಿರಿ. ಸುಮ್ನೆ ಬೇಲಿ ಹಾಕಿಕೊಂಡವನಿಗೆ ಅದು ಅನ್ವಯಿಸಲ್ಲ.

ಹಳ್ಳಿಗಳಲ್ಲಿ ಶಾಲೆಗೆ ಜಾಗ ಬೇಕಾದಾಗ ಕಣ್ಣು ಬೀಳುವುದು ಗೋಮಾಳದ ಮೇಲೆ, ಅಂದರೆ ಊರ ದನ ಮೇಯಲು ಬಿಟ್ಟ ಸರ್ಕಾರಿ ಜಾಗದ ಮೇಲೆ. 1966ರ ಕಂದಾಯ ನಿಯಮಗಳ 97ನೇ ನಿಯಮದ ಪ್ರಕಾರ 100 ದನಕ್ಕೆ 12 ಹೆಕ್ಟೇರ್ ಗೋಮಾಳ ಇರಬೇಕು. ಲೆಕ್ಕ ಮಾಡಿ ನೋಡೋಣ. ಊರಲ್ಲಿ 200 ದನ ಇದ್ದರೆ 24 ಹೆಕ್ಟೇರ್, ಅಂದರೆ ಸುಮಾರು 59 ಎಕರೆ. ಗೋಮಾಳ 70 ಎಕರೆ ಇದ್ದರೆ 11 ಎಕರೆ ಹೆಚ್ಚುವರಿ. ಶಾಲೆಗೆ 2 ಎಕರೆ ಕೇಳಿದರೆ ತಕರಾರು ಕಡಿಮೆ.

ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ಬಡಾವಣೆಯಲ್ಲಿ ದಾರಿಯೇ ಬೇರೆ. 1976ರ ಬಿಡಿಎ ಕಾಯ್ದೆ ಪ್ರಕಾರ ಬಡಾವಣೆಯ ಕನಿಷ್ಠ ಶೇ. 15 ಭಾಗ ಪಾರ್ಕು, ಆಟದ ಮೈದಾನಕ್ಕೆ; ಕನಿಷ್ಠ ಶೇ. 10 ನಾಗರಿಕ ಸೌಲಭ್ಯಕ್ಕೆ. ನಾವು ಸಿಎ ಸೈಟು ಅನ್ನುತ್ತೇವಲ್ಲ, ಅದೇ. ಶಾಲೆಗೆ ಜಾಗ ಸಿಗುವುದು ಇದರಲ್ಲೇ, ಸಾಮಾನ್ಯವಾಗಿ 30 ವರ್ಷದ ಲೀಸ್ ಮೇಲೆ.

ಇನ್ನೊಂದು ವ್ಯತ್ಯಾಸ ನನಗೆ ಮುಖ್ಯ ಅನ್ನಿಸಿತು. 71ರ ಜಾಗವನ್ನು ಡಿಸಿ ಒಪ್ಪಿದರೆ ಬೇರೆ ಕೆಲಸಕ್ಕೆ ಬಳಸಬಹುದು. ಬಿಡಿಎ ಕಾಯ್ದೆಯ 38-ಎ ಅಷ್ಟು ಮೆತ್ತಗಿಲ್ಲ: ಕಾಯ್ದಿರಿಸಿದ ಉದ್ದೇಶ ಬಿಟ್ಟು ಬೇರೆಯದಕ್ಕೆ ವಿಲೇವಾರಿ ಮಾಡಿದರೆ ಅದು ಅನೂರ್ಜಿತ. ಸದಾಶಿವನಗರದ ಕಡೆ ಪಾರ್ಕಿಗೆಂದು ಬಿಟ್ಟಿದ್ದ ಜಾಗವನ್ನು ಸರ್ಕಾರದ ಆದೇಶದ ಮೇಲೆ ಖಾಸಗಿ ನರ್ಸಿಂಗ್ ಹೋಮ್‌ಗೆ ಕೊಟ್ಟಾಗ ಅಕ್ಕಪಕ್ಕದವರು ಕೋರ್ಟಿಗೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟ್ ಅವರ ಪರ ನಿಂತಿತು. ಬಿ.ಎಸ್. ಮುದ್ದಪ್ಪ ಪ್ರಕರಣ, ಹೆಸರು ನೆನಪಿಡಿ.

ಇನ್ನು ಕೆಲಸದ ಕ್ರಮ. ಜಾಗ ಬೇಕಾದ ಇಲಾಖೆ ಪತ್ರ ಬರೆಯುತ್ತದೆ, ಗ್ರಾಮ ಆಡಳಿತಾಧಿಕಾರಿ ಮಹಜರು (ಸ್ಥಳ ಪರಿಶೀಲನೆ) ಮಾಡುತ್ತಾರೆ, ಸರ್ವೆಯರ್ ನಕ್ಷೆ ಕೊಡುತ್ತಾರೆ, ತಹಶೀಲ್ದಾರ್ ವರದಿ ಮೇಲೆ ಹೋಗುತ್ತದೆ, ಡಿಸಿ ಆದೇಶ ಆಗುತ್ತದೆ. ಪುಸ್ತಕಗಳು ಇಲ್ಲಿಗೆ ನಿಲ್ಲಿಸುತ್ತವೆ. ಆದರೆ ಆದೇಶ ಪಹಣಿಗೆ ಏರಬೇಕು, ಹದ್ದುಬಸ್ತು ಆಗಿ, ಅಂದರೆ ಗಡಿ ಅಳೆದು ಗುರುತಿಸಿ, ಕಲ್ಲು ನೆಡಬೇಕು. ಆನೇಕಲ್ ಕಡೆ ನಾನು ಓದಿದ ಶಾಲೆಗೆ ಆದೇಶದಲ್ಲಿ 2 ಎಕರೆ ಇತ್ತು. ಕಲ್ಲು ನೆಟ್ಟಿರಲಿಲ್ಲ. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಸರ್ವೆಯರ್ ಬಂದು ಸರಪಳಿ ಎಳೆದರು, ಅದರ ಒಂದು ತುದಿ ಹಿಡಿದವನು ನಾನೇ. ಸಿಕ್ಕಿದ್ದು 1 ಎಕರೆ 26 ಗುಂಟೆ. ಉಳಿದ 14 ಗುಂಟೆಯಲ್ಲಿ ಪಕ್ಕದವರ ನೀಲಗಿರಿ ಆಗಲೇ ನನಗಿಂತ ಎತ್ತರ ಬೆಳೆದಿತ್ತು.